ಅಮ್ಮನ ಹತ್ತಿರ ಬಂದು ನಿಂತ ಸಾಲು

ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್, ಟಕ್, ಟಕ್.

ಎಲ್ಲರೂ ಮಲಗಿದ ಮೇಲೆ ಮನೆಯೊಳಗೆ ಕೇಳುವ ಸದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳುವವಳಲ್ಲ. ಸರಿಯಾಗಿ ತಿರುಗಿಸದ ನಲ್ಲಿಯ ಸದ್ದು ಬೇರೆ, ಕಿಟಕಿಯ ಚಿಲಕದ ಸದ್ದು ಬೇರೆ, ಕಳ್ಳನ ಸದ್ದು ಬೇರೆ. ಕಳ್ಳನ ಸದ್ದನ್ನು ಇದುವರೆಗೆ ಕೇಳಿಲ್ಲ, ಆದರೆ ಕೇಳಿದರೆ ಗುರುತು ಹಿಡಿಯುತ್ತೇನೆಂಬ ಭರವಸೆ ಇದೆ. ಇದು ಆ ಮೂರರಲ್ಲಿ ಯಾವುದೂ ಅಲ್ಲ. ಕೈಗೆ ಸಿಕ್ಕಿದ ಛತ್ರಿ ಹಿಡಿದುಕೊಂಡು ನಡುಮನೆಗೆ ಬಂದೆ.

ನಮ್ಮನೆಯವರು ಊಟದ ಮೇಜಿನ ಮೇಲೆ ಕಚೇರಿಯ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೇ ಬೆರಳಿನಲ್ಲಿ ಒಂದೇ ಕೀಲಿ ಒತ್ತುತ್ತ ಕುಳಿತಿದ್ದರು. ಪರದೆಯ ಬೆಳಕು ಬಿದ್ದು ಮುಖ ಕಲಸಿಟ್ಟ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿದರು, ಛತ್ರಿಯನ್ನು ನೋಡಿದರು, ಎರಡರ ಬಗ್ಗೆಯೂ ಏನೂ ಕೇಳಲಿಲ್ಲ.

"ಅಮ್ಮ ಇಲ್ಲ ಕಣೇ," ಎಂದರು.

ಛತ್ರಿ ಅಲ್ಲೇ ಬಿಟ್ಟು ಅತ್ತೆಯ ಕೋಣೆಗೆ ಓಡಿದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡು, ಗೋಡೆಗೂ ನಿದ್ದೆ ಬರದಂಥ ಗೊರಕೆ ಹೊಡೆಯುತ್ತಿದ್ದರು. ಆದರೂ ಬಗ್ಗಿ ಉಸಿರು ನೋಡಿದೆ. ನಾನು ಗೊರಕೆಯನ್ನು ಮಾತ್ರ ನಂಬಿ ಸುಮ್ಮನಾಗುವವಳಲ್ಲ.

"ಒಳಗೆ ಗೊರಕೆ ಹೊಡೀತಿದ್ದಾರಲ್ರೀ! ಹೀಗಾ ಹೆದರಿಸೋದು?"

"ಅಲ್ಲಿ ಇದ್ದಾಳೆ," ಎಂದು ಒಳಗೆ ತೋರಿಸಿದರು. "ಇಲ್ಲಿ ಇಲ್ಲ," ಎಂದು ಪರದೆ ತೋರಿಸಿದರು.

ಈ ಅನಾಹುತದ ಬೇರು ಹಿಂದಿನ ವಾರದ ಒಂದು ಸಭೆಯಲ್ಲಿತ್ತು. ನಮ್ಮನೆಯವರು ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ದಾಖಲೆ ಗುಮಾಸ್ತರು. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು, ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬುದೆಲ್ಲ ಅಲ್ಲಿನ ಕಂಪ್ಯೂಟರಿನಲ್ಲಿದೆ. ಕಂಪ್ಯೂಟರು ಇವರ ಸುಪರ್ದಿಯಲ್ಲಿದೆ. ಮುಖ್ಯ ಕಚೇರಿಯವರು ಎಲ್ಲ ಕುಟುಂಬಗಳಿಗೂ ಹೊಸ ಆರೋಗ್ಯ ಕಾರ್ಡು ಮುದ್ರಿಸುತ್ತೇವೆ, ಡೇಟಾಬೇಸಿನಿಂದ ಎಲ್ಲರ ವಿವರ ತೆಗೆದು ಎಕ್ಸ್‌ಎಂಎಲ್ ರೂಪದಲ್ಲಿ ಕಳಿಸಿ ಎಂದು ಬರೆದಿದ್ದರು. ಕೇಂದ್ರದ ದೊಡ್ಡ ಡಾಕ್ಟರು, ಆಕೆ ಬಹಳ ದಣಿದ ಹೆಂಗಸು, ಸಭೆ ಕರೆದು, "ಇದು ಯಾರಿಗಾದ್ರೂ ಬರುತ್ತೇನ್ರಪ್ಪಾ?" ಎಂದು ಕೇಳಿದರು.

ಯಾರಿಗೂ ಬರುತ್ತಿರಲಿಲ್ಲ. ಇವರಿಗೂ ಬರುತ್ತಿರಲಿಲ್ಲ. ಆದರೆ ಎದುರಿಗೆ ಕಾಂಪೌಂಡರು ಕೂತಿದ್ದರು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಹರಿಯದೆ ಹೊರಗೆಳೆದಂದಿನಿಂದ ಕೇಂದ್ರದಲ್ಲಿ ತಂತ್ರಜ್ಞಾನವೆಂದರೆ ತಾವೇ ಎಂದು ನಡೆದುಕೊಳ್ಳುವ ಮನುಷ್ಯ. ಅವರು ಬಾಯಿ ತೆರೆಯುವ ಲಕ್ಷಣ ಕಂಡದ್ದೇ ತಡ, ನಮ್ಮನೆಯವರು, "ಅದೇನು ಮಹಾ ಮೇಡಂ, ಮಾಡೋಣ ಬಿಡಿ," ಎಂದುಬಿಟ್ಟರು.

ಆಡಿದ ಮಾತು, ಒಡೆದ ಮುತ್ತು. ಎರಡು ದಿನ ಎಲ್ಲೆಲ್ಲೋ ಓದಿ, ಯಾರ್ಯಾರನ್ನೋ ನೋಡಿ, ಕಂಪ್ಯೂಟರನ್ನು ಹೇಗೆ ಕೇಳಬೇಕೋ ಹಾಗೆ ಕೇಳುವ ಕ್ವೆರಿಯೊಂದನ್ನು ಹೊಂದಿಸಿದರು ಕೂಡ. ಪ್ರಯೋಗಕ್ಕೆಂದು ಮುಖ್ಯ ಕಚೇರಿಗೆ ಒಂದು ಸಲ ಕಳಿಸಿಯೂ ಆಯಿತು. ಮನೆಯಲ್ಲಿ ನಮಗೆ ಪಾಠವೂ ಆಯಿತು.

"ಎಕ್ಸ್‌ಎಂಎಲ್ ಅಂದ್ರೆ ಬಾಗಿಲುಗಳ ಬರವಣಿಗೆ," ಎಂದರು. "ಹೆಸರು ಬರೆಯೋ ಮೊದಲು ಹೆಸರಿನ ಬಾಗಿಲು ತೆಗೀಬೇಕು. ಬರೆದಾದ ಮೇಲೆ ಹಾಕಬೇಕು. ಕುಟುಂಬದ ಬಾಗಿಲೊಳಗೆ ಸದಸ್ಯರ ಬಾಗಿಲು, ಅದರೊಳಗೆ ಹೆಸರು, ವಯಸ್ಸು. ಒಂದು ಬಾಗಿಲು ಹಾಕೋದು ಮರೆತರೂ ಆ ಕಡೆ ಯಂತ್ರ ಇಡೀ ಫೈಲನ್ನೇ ಒದ್ದು ವಾಪಸ್ ಕಳಿಸುತ್ತೆ."

"ಫ್ರಿಜ್ ಬಾಗಿಲಿನ ವಿಷಯದಲ್ಲಿ ನಾನು ಬಡ್ಕೊಳ್ಳೋದೂ ಇದನ್ನೇ," ಎಂದು ಅತ್ತೆ ಮೆಚ್ಚಿಕೊಂಡರು.

ಆದರೆ ದೊಡ್ಡ ಡಾಕ್ಟರಿಗೆ ಆ ಫೈಲಿನ ಪ್ರತಿಯನ್ನು ಕಾಗದದ ಮೇಲೆ ತೆಗೆದು ತೋರಿಸಿದಾಗ ಆಕೆ ಕನ್ನಡಕ ಹಣೆಗೇರಿಸಿದರು. ಒಂದೊಂದು ಮನೆಯ ಎಲ್ಲ ಬಾಗಿಲುಗಳೂ ಒಂದರ ಪಕ್ಕ ಒಂದು ಅಂಟಿಕೊಂಡು, ಉಸಿರು ತೆಗೆದುಕೊಳ್ಳದೆ ಮಾತಾಡುವವರ ಮಾತಿನಂತೆ ಒಂದೇ ಸಾಲಾಗಿ ಕಾಗದದ ಅಂಚಿನಿಂದ ಆಚೆಗೆ ಹೋಗಿತ್ತು. "ಮೊದಲು ಇದನ್ನ ಮನುಷ್ಯರು ಓದೋ ಹಾಗೆ ಮಾಡ್ಕೊಂಡು ಬನ್ನಿ. ಪೂರ್ತಿಯೂ ಇರಬೇಕು, ಓದೋ ಹಾಗೂ ಇರಬೇಕು. ನಾನು ನೋಡಿ ಸಹಿ ಹಾಕದೆ ಕೊನೇ ಫೈಲು ಹೋಗೋ ಹಾಗಿಲ್ಲ," ಎಂದರು.

ಓದುವ ಹಾಗೆ ಮಾಡಲು ನಮ್ಮನೆಯವರಿಗೆ ಹೊಳೆದದ್ದು ಒಂದೇ ದಾರಿ. ಪರದೆಯ ಮೇಲೆ ಕಾಣುವುದನ್ನೆಲ್ಲ ಎತ್ತಿ ಬೇರೆ ಕಡೆ ಅಂಟಿಸಿ, ಪ್ರತಿಯೊಂದು ಬಾಗಿಲಿನ ಮುಂದೆಯೂ ಕೈಯಾರೆ ಒಂದೊಂದು ಕೀಲಿ ಒತ್ತಿ ಸಾಲು ಮುರಿಯುವುದು. ಬಡಾವಣೆಯಲ್ಲಿ ಎಷ್ಟು ಜನರೋ ಅದರ ಹಲವು ಪಟ್ಟು ಟಕ್. ಹಾಗೆ ಮುರಿಯುತ್ತ ಮುರಿಯುತ್ತ ನಮ್ಮ ಮನೆಯ ಸಾಲಿಗೆ ಬಂದಾಗ ಪರದೆಗೆ ಇನ್ನಷ್ಟು ಬಗ್ಗಿ ನೋಡಿದ್ದರು. ಯಜಮಾನ, ಇವರು. ಹೆಂಡತಿ, ನಾನು. ಮಗ, ಮಗಳು. ಆಮೇಲೆ ತಾಯಿ ಎಂಬ ಬಾಗಿಲು ತೆಗೆದಿದೆ, ಹೆಸರಿನ ಮೊದಲ ಅಕ್ಷರವಿದೆ, ಅಷ್ಟೇ. ಮುಂದೆ ಬಟಾಬಯಲು.

"ಯಾರು ಇಲ್ಲ ಅಂತಿರೋದು?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಬಗ್ಗಿ ಉಸಿರು ನೋಡಿದ್ದೇ ಅವರನ್ನು ಎಬ್ಬಿಸಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿರುವುದರಿಂದ ಅವರಿಗೆ ಪರದೆ ಒಂದು ಬಿಳಿ ಕಿಟಕಿಯಂತೆ ಕಾಣುತ್ತದೆ. ಬಂದವರೇ ಮೂಗು ತಾಗುವಷ್ಟು ಬಗ್ಗಿದರು. "ತೋರಿಸೋ, ಎಲ್ಲಿದೆ ನನ್ನ ಹೆಸರು?"

"ಬಾಗಿಲು ತೆಗೆದಿದೆ ಅಮ್ಮಾ. ಒಂದಕ್ಷರ ಬಂದಿದೆ. ಆಮೇಲೆ..."

"ಆಮೇಲೆ?"

"ಆಮೇಲೆ ಏನೂ ಇಲ್ಲ."

"ಅಂದ್ರೆ ಹೆತ್ತ ತಾಯೀನ ಹೊಸ್ತಿಲಲ್ಲೇ ನಿಲ್ಲಿಸಿದ್ದೀಯಾ?"

ನಗುವ ವಿಷಯವಾಗಿರಲಿಲ್ಲ. ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ದೊಡ್ಡ ಆಸ್ಪತ್ರೆಯವರು ದಿನ ಕೊಟ್ಟಿದ್ದರು. ಆ ದಿನಕ್ಕಾಗಿ ನಾವು ಕಾದದ್ದು ಎಷ್ಟೆಂದರೆ, ಒಂದು ಕಣ್ಣಿಗಿದ್ದ ಪೊರೆ ಎರಡು ಕಣ್ಣಿಗಾಗಿತ್ತು. ಹೊಸ ಕಾರ್ಡು ಇಲ್ಲದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಕಾರ್ಡಿನಲ್ಲಿ ಹೆಸರು ಇರಬೇಕಾದರೆ ಫೈಲಿನಲ್ಲಿ ಇರಬೇಕು.

ಇನ್ನೂ ಕೆಳಗೆ ನೋಡಿದಾಗ ವಿಷಯ ನಮ್ಮೊಬ್ಬರದ್ದಲ್ಲ ಎಂದು ತಿಳಿಯಿತು. ಗಂಡ ಹೆಂಡತಿ ಇಬ್ಬರೇ ಇದ್ದ ಮನೆಗಳು ನೆಟ್ಟಗೆ ಬಾಗಿಲು ಹಾಕಿಕೊಂಡು ಮಲಗಿದ್ದವು. ಮೂರು ತಲೆಮಾರು ಒಟ್ಟಿಗೆ ಇದ್ದ ಮನೆಗಳೆಲ್ಲ ಅಜ್ಜಿಯ ಹತ್ತಿರ ಬಂದು ಕತ್ತರಿಸಿಹೋಗಿದ್ದವು. ಯಾಕೆಂದರೆ ನಮೂದಿಸುವಾಗ ಎಲ್ಲರೂ ಅಜ್ಜಿಯನ್ನು ಕೊನೆಗೆ ಹೇಳಿದ್ದರು. ಕಂಪ್ಯೂಟರಿನದು ತಪ್ಪು ಎಂದು ಹೇಗೆ ಹೇಳುವುದು?

"ಬೆಳಿಗ್ಗೆ ಹೋಗಿ ದೊಡ್ಡ ಡಾಕ್ಟರನ್ನೇ ಕೇಳಿಬಿಡಿ," ಎಂದೆ.

"ಕೇಳಿದ್ರೆ ಕಾಂಪೌಂಡರಿಗೆ ಗೊತ್ತಾಗುತ್ತೆ."

"ಗೊತ್ತಾದ್ರೆ ಏನಾಗುತ್ತೆ?"

ಈ ಪ್ರಶ್ನೆಗೆ ಗಂಡಸರ ಬಳಿ ಉತ್ತರ ಇರುವುದಿಲ್ಲ. ಇರುವುದು ಒಂದು ನೋಟ. ಆ ನೋಟ ಕೊಟ್ಟು ಇವರು ತಮ್ಮ ಸಿದ್ಧಾಂತ ಮಂಡಿಸಿದರು. ಯಂತ್ರವೂ ಮನುಷ್ಯನ ಹಾಗೇ. ಒಂದು ಸಾಲು ಹೇಳುತ್ತ ಹೇಳುತ್ತ ಇಂತಿಷ್ಟು ಅಕ್ಷರಕ್ಕೆ ಉಸಿರು ಕಟ್ಟುತ್ತದೆ, ನಿಲ್ಲಿಸಿಬಿಡುತ್ತದೆ. ಆದ್ದರಿಂದ ಮುಖ್ಯವಾದವರನ್ನು ಉಸಿರು ಇರುವಾಗಲೇ ಹೇಳಿಸಬೇಕು. ಕೇಳುವಾಗ ಬಹಳ ಸರಿ ಎನ್ನಿಸಿತು. ನಾನು ಕಾಲೇಜು ಓದಿದವಳು, ಆದರೆ ಓದಿದ್ದು ಇತಿಹಾಸ.

ಮರುದಿನ ಕಚೇರಿಯಲ್ಲಿ ಅಮ್ಮನನ್ನು ಐದನೆಯ ಸ್ಥಾನದಿಂದ ಎತ್ತಿ ಒಂದನೆಯ ಸ್ಥಾನಕ್ಕೆ ಹಾಕಿದರು. ಒಂದನೆಯ ಸ್ಥಾನದಲ್ಲಿ ಯಾರಿದ್ದರೂ ಕಂಪ್ಯೂಟರು ಅವರನ್ನು ಕುಟುಂಬದ ಯಜಮಾನ ಎಂದೇ ಬರೆದುಕೊಳ್ಳುತ್ತದೆ. ಹೀಗೆ ಅತ್ತೆ ಯಜಮಾನಿಯಾದರು, ಇವರು ಮಗನಾದರು, ನಾನು ಸೊಸೆಯಾದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಯಾರಿಗೂ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಸಂಜೆ ಸುದ್ದಿ ಕೇಳಿ ಅತ್ತೆ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತರು. "ಈ ಯಜಮಾನಿಕೆ ಕಾರ್ಡಿಗೆ ಮಾತ್ರವೋ, ಮನೆಗೂ ಹೌದೋ?"

"ಬರೀ ಕಾರ್ಡಿಗಮ್ಮಾ."

"ನೋಡೋಣ," ಎಂದರು ಅತ್ತೆ.

ಅಷ್ಟರಲ್ಲಿ ಮಗಳು ಲ್ಯಾಪ್‌ಟಾಪಿನ ಮುಂದೆ ಕೂತು ಬೆರಳಿಟ್ಟು ಓದುತ್ತಿದ್ದಳು. "ಅಪ್ಪಾ, ಅಜ್ಜಿ ಇದ್ದಾರೆ, ನೀನಿದ್ದೀಯ, ಅಮ್ಮ ಇದ್ದಾಳೆ, ಅಣ್ಣ ಇದ್ದಾನೆ. ನಾನೆಲ್ಲಿ?"

ಅವಳ ಬಾಗಿಲು ತೆಗೆದಿತ್ತು. ಒಳಗೆ ಯಾರೂ ಇರಲಿಲ್ಲ.

"ನಿನಗೆ ಕಣ್ಣು ಚೆನ್ನಾಗಿದೆಯಲ್ಲ ಮರೀ," ಎಂದರು ಇವರು.

"ನಾಳೆ ಕಾಲು ಮುರಿದ್ರೆ?"

"ಸಂಜೆ ಹೊತ್ತು ಅಂಥ ಮಾತಾಡಬಾರದು," ಎಂದು ನಾನು ಗದರಿದೆ. ಆದರೆ ಆ ಕಾಲು ಆಗಲೇ ಮುರಿದು, ಆಸ್ಪತ್ರೆಯವರು ಬಾಗಿಲಲ್ಲೇ ತಡೆದು, ನಾನು ಅವಳನ್ನು ಎತ್ತಿಕೊಂಡು ನಿಂತಿರುವುದೆಲ್ಲ ಕಣ್ಣಿಗೆ ಕಟ್ಟಿಬಿಟ್ಟಿತ್ತು. "ರೀ, ಅವಳನ್ನೂ ಒಳಗೆ ತಗೊಳ್ಳಿ. ಏನಾದ್ರೂ ಮಾಡಿ."

ಇವರು ತಲೆ ಕೆರೆದುಕೊಂಡರು. ಜನರನ್ನು ಬಿಡುವ ಹಾಗಿಲ್ಲ, ಸರಿ, ಅಕ್ಷರಗಳನ್ನು ಬಿಡಬಹುದಲ್ಲ! ನಮ್ಮ ವಿಳಾಸ ಹೀಗಿತ್ತು: ಔಷಧಿ ಅಂಗಡಿಯ ಹಿಂದಿನ ರಸ್ತೆ, ಹಳದಿ ಬಣ್ಣದ ಕಟ್ಟಡ, ಎರಡನೆಯ ಮಹಡಿ, ಎಡಗಡೆಯ ಬಾಗಿಲು. ಅದನ್ನು 'ಹಳದಿ, ಎಡ' ಎಂದು ಮಾಡಿದರು. ಕ್ವೆರಿ ಓಡಿಸಿದರು. ಮಗಳು ಪೂರ್ತಿಯಾಗಿ ಒಳಗೆ ಬಂದಳು, ಅವಳ ಹಿಂದೆ ಕುಟುಂಬದ ಬಾಗಿಲೂ ಹಾಕಿಕೊಂಡಿತು. ಇವರು ಎದ್ದು ನಿಂತು ಸೊಂಟ ಹಿಂದಕ್ಕೆ ಬಾಗಿಸಿ ಮೈಮುರಿದ ರೀತಿ ನೋಡಿದ್ದರೆ, ಇಷ್ಟು ಹೊತ್ತೂ ಒಂದು ಬಂಡೆ ಹೊತ್ತುಕೊಂಡಿದ್ದರು ಎನ್ನಬೇಕಿತ್ತು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು, ನಮ್ಮ ಮೇಲಿನ ಮಹಡಿಯಲ್ಲಿ ರೇಡಿಯೋ ಅಜ್ಜಿ ಇಲ್ಲದಿದ್ದರೆ.

ರೇಡಿಯೋ ಅಜ್ಜಿಯ ಬಳಿ ರೇಡಿಯೋ ಇಲ್ಲ. ಅವರಿಗೆ ಅದರ ಅಗತ್ಯವೂ ಇಲ್ಲ. ಮೆಟ್ಟಿಲ ಮೇಲೆ ಅತ್ತೆ ಅವರಿಗೆ ಹೇಳಿದ್ದು ಎರಡೇ ಮಾತು: "ಕಂಪ್ಯೂಟರು ನಮ್ಮನ್ನೆಲ್ಲ ಕತ್ತರಿಸಿ ಹಾಕಿದೆ. ನನ್ನ ಮಗ ನನ್ನನ್ನ ಯಜಮಾನಿ ಮಾಡಿ ಉಳಿಸಿಕೊಂಡ." ಕುಕ್ಕರ್ ಕೂಗುವ ಮೊದಲೇ ಸುದ್ದಿ ಮೂರು ಬೀದಿ ದಾಟಿತ್ತು. ದೀಪ ಹಾಕುವ ಹೊತ್ತಿಗೆ ನಮ್ಮ ನಡುಮನೆ ಅಜ್ಜಿಯರಿಂದ ತುಂಬಿ, ಕುರ್ಚಿ ಸಾಲದೆ, ಇಬ್ಬರು ನನ್ನ ಹೊಲಿಗೆ ಯಂತ್ರದ ಮೇಜಿನ ಮೇಲೆ ಕೂತಿದ್ದರು. ಅದರ ಕಾಲು ಸಡಿಲವಾಗಿದೆ ಎಂದು ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ.

"ಏನಪ್ಪಾ, ನಾವೆಲ್ಲ ಸತ್ತೋದ್ವಾ?" ಎಂದು ಒಬ್ಬರು ಶುರು ಮಾಡಿದರು.

"ಛೆ ಛೆ, ಅಜ್ಜಿ! ಜಾಗ ಸಾಲದೆ..."

"ನಾನು ತಿನ್ನೋದೇ ಇಷ್ಟು," ಎಂದು ಅವರು ಬೆರಳ ತುದಿ ತೋರಿಸಿದರು. "ನನಗೆಂಥ ಜಾಗ ಬೇಕು? ನನ್ನ ಮಗ ಇದ್ದಾನಲ್ಲ, ಅವನಿಗೆ ಸಾಲದು ಅನ್ನು, ಒಪ್ತೀನಿ."

"ನಿನ್ನ ತಾಯೀನ ಮೊದಲು ಹಾಕಿದೆಯಲ್ಲ," ಎಂದರು ಇನ್ನೊಬ್ಬರು. "ಅವಳು ಹೆತ್ತಳು, ನಾವೇನು ಅಂಗಡಿಯಿಂದ ತಂದ್ವಾ?"

ಎಲ್ಲ ಅಜ್ಜಿಯರನ್ನೂ ಮೊದಲನೆಯ ಸ್ಥಾನಕ್ಕೆ ತರುವುದೆಂದು ತೀರ್ಮಾನವಾಯಿತು. ಕೆಳಮನೆಯ ಅಳಿಯ ಒಬ್ಬರು ಇವರನ್ನು ಅಡುಗೆಮನೆಯ ಮೂಲೆಗೆ ಕರೆದು, "ನಮ್ಮತ್ತೆಯವರದ್ದು ಅವಸರ ಏನಿಲ್ಲ ಸಾರ್. ನಿಧಾನ ಆದ್ರೂ ಪರವಾಗಿಲ್ಲ," ಎಂದು ಪಿಸುಗುಟ್ಟಿದರು. "ಅಳಿಯಂದ್ರೇ, ನನ್ನ ಕಣ್ಣಿಗೆ ಪೊರೆ ಬಂದಿದೆ, ಕಿವಿಗಲ್ಲ," ಎಂದು ನಡುಮನೆಯಿಂದ ಉತ್ತರ ಬಂತು.

ಕಷ್ಟ ಎದುರಾದದ್ದು ರೇಡಿಯೋ ಅಜ್ಜಿಯ ಮನೆಯ ಸಾಲಿನಲ್ಲಿ. ಅವರ ಮಗ ನಿವೃತ್ತ ಹೆಡ್‌ಮಾಸ್ತರು. ತಮ್ಮ ಹೆಸರಿನ ಜೊತೆ ಪಡೆದ ಪದವಿಗಳನ್ನೆಲ್ಲ, ಕೊನೆಗೆ ಒಂದು ಬೇಸಿಗೆಯಲ್ಲಿ ಮುಗಿಸಿದ ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಬಿಡದೆ, ನಮೂದಿಸಿಕೊಂಡಿದ್ದರು. ಅವರ ಪದವಿಗಳು ಮುಗಿಯುವ ಹೊತ್ತಿಗೆ ಯಂತ್ರದ ಉಸಿರೂ ಮುಗಿದು, ಹೆಂಡತಿ ಕೂಡ ಒಳಗೆ ಬಂದಿರಲಿಲ್ಲ. ಇವರು ಲ್ಯಾಪ್‌ಟಾಪ್ ಹೊತ್ತುಕೊಂಡು ಮೇಲಕ್ಕೆ ಹೋದರು. ಲ್ಯಾಪ್‌ಟಾಪು ಬಿದ್ದೀತೆಂದು ಅದರ ವೈರು ಹಿಡಿದುಕೊಂಡು ನಾನೂ ಹಿಂದೆಯೇ ಹೋದೆ.

"ಸಾರ್, ನಿಮ್ಮ ಹೆಸರು ಸ್ವಲ್ಪ ಉದ್ದ ಆಯ್ತು."

"ಹೆಸರು ಉದ್ದ ಇಲ್ಲ. ಸಾಧನೆ ಉದ್ದ ಇದೆ," ಎಂದರು ಹೆಡ್‌ಮಾಸ್ತರು.

"ಒಂದೆರಡು ಪದವಿ ಕಡಿಮೆ ಮಾಡಿದ್ರೆ ಮನೆಯವರು ಒಳಗೆ ಬರ್ತಾರೆ. ಇನ್ನೂ ಎರಡು ತೆಗೆದ್ರೆ ಮಕ್ಕಳು..."

"ಯಾವುದನ್ನ ತೆಗೀತೀರಿ? ಎಂ.ಎ. ತೆಗೀತೀರಾ? ಆ ಎಂ.ಎ.ಗೆ ನಾನು ಹೇಗೆ ಓದಿದೆ ಗೊತ್ತೇನ್ರೀ? ಬೀದಿ ದೀಪ..."

"ಸುಳ್ಳು," ಎಂದರು ರೇಡಿಯೋ ಅಜ್ಜಿ, ಮಂಚದ ಮೇಲಿಂದ. "ಬೀದಿ ದೀಪಾನೂ ಇಲ್ಲ, ಏನೂ ಇಲ್ಲ. ಪಂಖದ ಕೆಳಗೆ ಕೂತು ಓದಿದ. ನಾನು ಪಕ್ಕದಲ್ಲಿ ಕೂತು ತೂಕಡಿಸದ ಹಾಗೆ ಚಿವುಟುತಿದ್ದೆ. ಆ ಎಂ.ಎ. ಅರ್ಧ ನನ್ನದು. ತೆಗಿ ಅದನ್ನ, ನನ್ನ ಸೊಸೇನ ಒಳಗೆ ಹಾಕು."

ಇಡೀ ಬಡಾವಣೆಯನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಹೆಡ್‌ಮಾಸ್ತರು ಕಿಟಕಿಯ ಕಡೆ ತಿರುಗಿ ನಿಂತರು. "ಬಿ.ಎಡ್. ಒಂದು ಇರಲಿ," ಎಂದರು ಸಣ್ಣ ದನಿಯಲ್ಲಿ. ಬಿ.ಎಡ್. ಇಟ್ಟು ನೋಡಿದೆವು. ಹಿರಿಯ ಮಗಳ ವಯಸ್ಸಿನ ಹತ್ತಿರ ಸಾಲು ಕಟ್ಟಾಯಿತು. ಬಿ.ಎಡ್. ಹೋಯಿತು.

ಮಾರನೆಯ ದಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಕೋಣೆಯ ಮುಂದಿನ ಬೆಂಚು ಖಾಲಿ. ದಾಖಲೆ ಕೋಣೆಯ ಮುಂದಿನ ಸಾಲು ಗೇಟಿನವರೆಗೆ. ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಮರೆತುಹೋದದ್ದಲ್ಲ, ಏನಾಗುತ್ತಿದೆಯೋ ನೋಡಬೇಕೆಂದು ನಾನೇ ಬೆಳಿಗ್ಗೆ ಕೊಟ್ಟಿರಲಿಲ್ಲ. ಒಬ್ಬೊಬ್ಬ ಅಜ್ಜಿಯೂ ಒಳಗೆ ಹೋಗಿ, ತನ್ನ ಕಣ್ಣೆದುರೇ ತನ್ನನ್ನು ಯಜಮಾನಿ ಮಾಡಿಸಿಕೊಂಡು, ಹಿಂದೆ ನಿಂತ ಮಗನನ್ನು ಒಮ್ಮೆ ನೋಡಿ ಹೊರಬರುತ್ತಿದ್ದಳು.

ದೊಡ್ಡ ಡಾಕ್ಟರು ಹೊರಗೆ ಬಂದು ಸಾಲು ನೋಡಿದರು. "ಏನ್ರೀ ಇದು? ಎಲ್ಲರಿಗೂ ಒಟ್ಟಿಗೇ ಏನು ಕಾಯಿಲೆ?"

"ಯಜಮಾನಿಕೆ ಮೇಡಂ," ಎಂದರು ಕಾಂಪೌಂಡರು. ಈ ಗಳಿಗೆಗಾಗಿಯೇ ಬೆಳಗಿನಿಂದ ಬಾಗಿಲಲ್ಲಿ ಕಾದಿದ್ದರೆಂದು ಕಾಣುತ್ತದೆ. "ನಮ್ಮ ಗುಮಾಸ್ತರು ಹಂಚ್ತಿದ್ದಾರೆ. ಎಕ್ಸ್‌ಎಂಎಲ್ ಅಂದ್ರೆ ಇದೇ ಅಂತೆ."

ನಾನು ಡಬ್ಬಿಯ ಮುಚ್ಚಳ ಒತ್ತಿ ಹಿಡಿದುಕೊಂಡೆ. ಡಾಕ್ಟರು ದಾಖಲೆ ಕೋಣೆಯ ಒಳಗೆ ಹೋದರು. ಇವರು ಎದ್ದು ನಿಂತರು. ಈಗ ಹೇಳಿಬಿಡುತ್ತಾರೆ, ನನಗೆ ಬರಲ್ಲ ಮೇಡಂ ಎಂದುಬಿಡುತ್ತಾರೆ ಎಂದುಕೊಂಡೆ. ಬಾಯಿ ತೆರೆದರು ಕೂಡ. ಆದರೆ ಡಾಕ್ಟರು ಪರದೆಯ ಕಡೆ ನೋಡಲೇ ಇಲ್ಲ. ಎದುರಿಗೆ ಕೂತಿದ್ದ ಅಜ್ಜಿಯ ಕಡೆ ನೋಡಿದರು, ಅವರ ಹಿಂದಿನ ಅಜ್ಜಿಯ ಕಡೆ ನೋಡಿದರು.

"ಒಬ್ಬೊಬ್ಬರನ್ನೇ ಕರೆಸಿ, ಎದುರಿಗೆ ಕೂರಿಸಿ, ವಿವರ ಸರಿ ಇದೆಯಾ ಅಂತ ಕೇಳ್ತಿದ್ದೀರಾ?"

"ಹೂಂ... ಹೌದು ಮೇಡಂ."

"ನಾನು ಇಷ್ಟು ವರ್ಷದಲ್ಲಿ ಹೀಗೆ ಕೇಳಿದೋರನ್ನ ನೋಡಿಲ್ಲ ಕಣ್ರೀ," ಎಂದು ಡಾಕ್ಟರು ಕಾಂಪೌಂಡರ ಕಡೆ ತಿರುಗಿದರು. "ನೀವೇನು ನಗ್ತಾ ನಿಂತಿದ್ದೀರಿ? ಹೋಗಿ ಇವರಿಗೆಲ್ಲ ಕುಡಿಯೋಕೆ ನೀರು ತಂದುಕೊಡಿ."

ಕಾಂಪೌಂಡರು ಗೇಟಿನವರೆಗೂ ನೀರು ಕೊಟ್ಟರು. ಆ ದಿನ ರಾತ್ರಿ ಇವರು ಎರಡು ಸಲ ಬಡಿಸಿಕೊಂಡು ಉಂಡರು.

ಶುಕ್ರವಾರ ಪರದೆಯ ಮೇಲೆ ಬಡಾವಣೆಯ ಅಷ್ಟೂ ಮನೆಗಳು ಬಾಗಿಲು ಹಾಕಿಕೊಂಡವು. ಒಬ್ಬ ಅಜ್ಜಿಯೂ ಹೊಸ್ತಿಲಲ್ಲಿ ಉಳಿದಿರಲಿಲ್ಲ. ವಿಳಾಸಗಳು 'ನೀಲಿ ಗೇಟು', 'ಮೂಲೆ', 'ನಾಯಿ ಇದೆ' ಎಂಬಲ್ಲಿಗೆ ಇಳಿದಿದ್ದವು. ಡಾಕ್ಟರು ಪ್ರತಿಯ ಮೊದಲ ಹಾಳೆ ಓದಿ, ಎರಡನೆಯದರ ಮೇಲೆ ಕಣ್ಣಾಡಿಸಿ, ಮೂರನೆಯದರ ಮೇಲೆ ಸಹಿ ಹಾಕಿದರು. ಇವರು ಕಳುಹಿಸುವ ಗುಂಡಿ ಒತ್ತಿದರು. ಜೊತೆಗೆ ಒಂದು ಒಕ್ಕಣೆಯನ್ನೂ ಬರೆದರು. ನನಗೆ ಮೊದಲೇ ತೋರಿಸಿದ್ದರೆ ತಿದ್ದುತ್ತಿದ್ದೆ. 'ಯಂತ್ರದ ಉಸಿರಿನ ಮಿತಿಯನ್ನು ಗಮನದಲ್ಲಿಟ್ಟುಕೊಂಡು ಪ್ರತಿಯೊಂದು ಕುಟುಂಬವನ್ನೂ ಸಂಕ್ಷೇಪಿಸಲಾಗಿದೆ.' ಕೆಳಗೆ ಸಂಪರ್ಕಕ್ಕೆ ನಮ್ಮ ಮನೆಯ ಫೋನ್ ನಂಬರು.

ಶನಿವಾರ ಮಧ್ಯಾಹ್ನ ಆ ಫೋನು ಬಡಿದುಕೊಂಡಿತು. ನಡುಮನೆಯಲ್ಲಿ ಅಜ್ಜಿಯರು ನೆರೆದಿದ್ದರು. ಫೈಲು ದಾಟಿತೋ ಇಲ್ಲವೋ ತಿಳಿಯದೆ ಮನೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದರು. ಅವರ ನಡುವೆ ಕೂತು ಇವರು ಯಂತ್ರದ ಉಸಿರಿನ ಬಗ್ಗೆ ವಿವರಿಸುತ್ತಿದ್ದರು. ಹೆಡ್‌ಮಾಸ್ತರು ಕೂಡ ಬಂದು, ಪದವಿ ಇಲ್ಲದವರಂತೆ ಚಾಪೆಯ ಮೇಲೆ ಕೂತಿದ್ದರು. ಫೋನು ನನ್ನ ಕೈಗೆ ಸಿಕ್ಕಿತು. ಗಲಾಟೆಯಲ್ಲಿ ಕೇಳಿಸದೆ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

ಮುಖ್ಯ ಕಚೇರಿಯಿಂದ ಒಬ್ಬ ಹುಡುಗಿ. ಬಹಳ ನಯವಾದ ಮಾತು. "ಸಾರ್ ಇಲ್ವಾ? ಪರವಾಗಿಲ್ಲ, ನೀವೇ ಅವರಿಗೆ ಹೇಳಿಬಿಡಿ. ಫೈಲು ಪೂರ್ತಿ ಬಂದಿದೆ. ಅಂದ ಹಾಗೆ ಈ ಉಸಿರಿನ ಮಿತಿ ಅಂದ್ರೆ ಏನು ಮೇಡಂ?"

ನಾನು ನನಗೆ ತಿಳಿದಷ್ಟು ಹೇಳಿದೆ. ಆ ಕಡೆಯಿಂದ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಂಥ ಸದ್ದು.

"ಅಯ್ಯೋ, ಹಾಗೇನಿಲ್ಲ ಮೇಡಂ. ಆ ಪರದೆ ಬರೀ ಇಣುಕಿ ನೋಡೋಕೆ. ಸಾಲಿಗೆ ಇಂತಿಷ್ಟೇ ಅಕ್ಷರ ತೋರಿಸುತ್ತೆ. ಸೆಟ್ಟಿಂಗಿನಲ್ಲಿ ಆ ಮಿತಿ ಜಾಸ್ತಿ ಮಾಡಿದ್ರಾಯ್ತು. ಇಲ್ಲಾಂದ್ರೆ ಸಾಲಿನ ಮೇಲೆ ಎರಡು ಸಲ ಒತ್ತಿದ್ರೂ ಸಾಕು, ಬೇರೆ ಕಿಟಕಿಯಲ್ಲಿ ಪೂರ್ತಿ ತೆರೆದುಕೊಳ್ಳುತ್ತೆ, ಮೆಟ್ಟಿಲು ಮೆಟ್ಟಿಲಾಗಿ, ಓದೋಕೆ ಚೆನ್ನಾಗಿ. ಒಳಗಿನ ಮಾಹಿತಿ ಯಾವತ್ತೂ ಕಟ್ಟಾಗಿರಲಿಲ್ಲ. ಮೊದಲು ಪ್ರಯೋಗಕ್ಕೆ ಕಳಿಸಿದ್ರಲ್ಲ, ಅದರಲ್ಲೂ ಎಲ್ಲರೂ ಪೂರ್ತಿ ಇದ್ದಾರೆ."

"ಎಲ್ಲರೂ?" ಎಂದೆ. "ಕೊನೆಯವರೂ?"

"ಕೊನೆಯವರೂ. ತೊಂದರೆ ಅದೇ. ಈಗ ನನ್ನ ಹತ್ರ ಎರಡು ಫೈಲಿದೆ, ಎರಡೂ ಪೂರ್ತಿ ಇವೆ. ಒಂದರಲ್ಲಿ ವಿಳಾಸ ಉದ್ದ, ಗಂಡಸರು ಯಜಮಾನರು. ಎರಡನೇದರಲ್ಲಿ ಅರ್ಧ ಬಡಾವಣೆಗೆ ಅಜ್ಜಿಯರೇ ಯಜಮಾನರು, ವಿಳಾಸ 'ನಾಯಿ ಇದೆ' ಅಂತಿದೆ. ಯಾವುದನ್ನ ಮುದ್ರಿಸಲಿ? ಅನುಮಾನ ಇದ್ರೆ ಬರೆದು ಕಳಿಸಿ, ಮುಂದಿನ ಸುತ್ತಿನಲ್ಲಿ ಹಾಕ್ತೀವಿ. ಮುಂದಿನ ಸುತ್ತು ಮೂರು ತಿಂಗಳಾದ ಮೇಲೆ."

ಮೂರು ತಿಂಗಳು ಕಾಯುವ ಹಾಗಿರಲಿಲ್ಲ. ಆಸ್ಪತ್ರೆಯ ದಿನ ತಪ್ಪಿದರೆ ಮತ್ತೆ ಸಾಲಿನ ತುದಿಗೆ. ಎಂದರೆ ಅನುಮಾನ ಇರುವ ಹಾಗಿಲ್ಲ. ನನ್ನ ಜೀವನದಲ್ಲಿ ಅನುಮಾನವಿಲ್ಲದೆ ನಾನು ಮಾಡಿದ ಕೆಲಸ ಯಾವುದೂ ನೆನಪಿಗೆ ಬರಲಿಲ್ಲ. ಬಾಗಿಲ ಸಂದಿಯಿಂದ ನಡುಮನೆ ನೋಡಿದೆ. ಇವರು ಎರಡೂ ಕೈ ಅಗಲಿಸಿ ಸಾಲು ಎಷ್ಟುದ್ದ ಇತ್ತು ಎಂದು ತೋರಿಸುತ್ತಿದ್ದರು. ಅತ್ತೆ ಮಗನ ಮುಖದ ಕಡೆ ತಿರುಗಿ ಕೂತಿದ್ದರು. ಆ ಮುಖ ಅವರಿಗೆ ಕಾಣುವುದು ಒಂದು ಬೆಳಕಿನ ಮುದ್ದೆಯಾಗಿ, ಆದರೂ ಅಲ್ಲಿಂದ ಕಣ್ಣು ತೆಗೆದಿರಲಿಲ್ಲ. ಹಿಂದಿನ ವಾರದವರೆಗೂ ತಂತಮ್ಮ ಮನೆಯಲ್ಲಿ ಕೊನೆಗೆ ನೆನಪಾಗುತ್ತಿದ್ದ ಹೆಂಗಸರು ಸುತ್ತಲೂ ಬೆನ್ನು ನೇರ ಮಾಡಿಕೊಂಡು ಕೂತಿದ್ದರು.

"ಎರಡನೇದು," ಎಂದೆ.

"ಸರಿಯಾಗಿ ನೋಡಿದ್ದೀರಾ ಮೇಡಂ? ನಿಮ್ಮ ಕಡೆ ನಿಜವಾಗ್ಲೂ ಮನೆಮನೆಗೂ ಅಜ್ಜಿಯರೇ ಯಜಮಾನರಾ?"

"ಮೊದಲಿನಿಂದಲೂ," ಎಂದೆ. "ಕಂಪ್ಯೂಟರಿಗೆ ಈಗ ಗೊತ್ತಾಯಿತು, ಅಷ್ಟೇ."

"ಮತ್ತೆ ವಿಳಾಸ?"

"ಕಾರ್ಡು ಬರೋದು ಆರೋಗ್ಯ ಕೇಂದ್ರಕ್ಕಲ್ವಾ? ಅಲ್ಲಿಂದ ನಮ್ಮನೆಯವರು ಹಂಚುತ್ತಾರೆ. ಅವರಿಗೆ ಎಲ್ಲ ನಾಯಿಗಳೂ ಗೊತ್ತು."

ಹುಡುಗಿ ನಕ್ಕು, ಈ ವಾರವೇ ಮುದ್ರಣಕ್ಕೆ ಹಾಕುತ್ತೇನೆ ಎಂದಳು. "ಆ ಸೆಟ್ಟಿಂಗಿನ ವಿಷಯ ಸಾರ್‌ಗೆ ಮರೀದೆ ಹೇಳಿ. ಮುಂದಿನ ಸಲ ಇಷ್ಟು ಕಷ್ಟ ಬೇಡ."

"ಹೇಳ್ತೀನಮ್ಮಾ," ಎಂದೆ.

ನಡುಮನೆಗೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಇವರು ಅರ್ಧ ಎದ್ದಿದ್ದರು, ಅರ್ಧ ಕೂತಿದ್ದರು. ಸಭೆಯಲ್ಲಿ 'ಅದೇನು ಮಹಾ' ಎಂದ ಮನುಷ್ಯ ಇವರೇನಾ ಎನ್ನಿಸಬೇಕು.

"ಯಾರೇ? ಏನಂತೆ?"

ನಾನು ಮಾತನ್ನು ತೂಗಿ ಆಡುವವಳು. ಆ ಹೊತ್ತು ಇನ್ನೂ ಸ್ವಲ್ಪ ತೂಗಿದೆ.

"ಮುಖ್ಯ ಕಚೇರಿಯವರು. ಫೈಲು ಪೂರ್ತಿ ಸಿಕ್ಕಿದೆಯಂತೆ. ಒಬ್ಬರೂ ಬಿಟ್ಟುಹೋಗಿಲ್ಲವಂತೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇವರು ಹೋಗಿ ಅತ್ತೆಯ ಪಕ್ಕದಲ್ಲಿ ಕೂತರು. ಅತ್ತೆ ಗಾಳಿಯಲ್ಲಿ ಕೈಯಾಡಿಸಿ ಅವರ ತಲೆ ಹುಡುಕಿ, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ ಕೂದಲು ಕೆದರಿಬಿಟ್ಟರು. "ನನ್ನ ಮಗ ಇಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತೋ," ಎಂದರು. ಅಜ್ಜಿಯರೆಲ್ಲ ಹೌದು ಹೌದು ಎಂದರು.

ಬಾಗಿಲಿಗೆ ಒರಗಿ ನಿಂತಿದ್ದ ನಾನೂ ಹೌದು ಎಂದೆ. ಈ ಜನ್ಮದಲ್ಲಿ ಆ ಸೆಟ್ಟಿಂಗಿನ ವಿಷಯ ಮನೆಯಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಆಗಲೇ ಗಟ್ಟಿ ಮಾಡಿಕೊಂಡಿದ್ದೆ.